ವರ್ಷಗಟ್ಟಲೆ ನಿಂತ ಚೇತಕ್ ಮತ್ತೆ ಓಡಬೇಕಾದರೆ: ಕಿಕ್ ಹೊಡೆಯುವ ಮೊದಲಿನ ಕೆಲಸಗಳು

ಕೊಟ್ಟಿಗೆಯ ಮೂಲೆಯಲ್ಲೋ, ಮಹಡಿ ಮೆಟ್ಟಿಲ ಕೆಳಗೋ, ಹಳೇ ಸೀರೆ ಹೊದ್ದು ನಿಂತ ಒಂದು ಸ್ಕೂಟರ್ ಎಷ್ಟೋ ಮನೆಗಳಲ್ಲಿದೆ. ಮಾರಲು ಮನಸ್ಸು ಬರುವುದಿಲ್ಲ. ಗುಜರಿಗೆ ಹಾಕಲು ಕೈ ಬರುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ಒಮ್ಮೆ ಅದರ ಹತ್ತಿರ ನಿಂತು, ಹ್ಯಾಂಡಲ್ ಹಿಡಿದು, ಮುಂದಿನ ಸಲ ನೋಡೋಣ ಅಂದುಕೊಂಡು ವಾಪಸ್ ಬರುತ್ತೇವೆ.

ನಮ್ಮ ಮನೆಯಲ್ಲಿದ್ದದ್ದು ಅಪ್ಪನ ಬಜಾಜ್ ಚೇತಕ್. ಎರಡು ಸ್ಟ್ರೋಕಿನ 145 ಸಿಸಿ ಎಂಜಿನ್, ಎಡಗೈಯಲ್ಲಿ ನಾಲ್ಕು ಗೇರ್. 1972ರಲ್ಲಿ ಶುರುವಾಗಿ ಒಂದು ತಲೆಮಾರನ್ನೇ ಹೊತ್ತು ತಿರುಗಿದ ಗಾಡಿ. ಈಗ ಶೋರೂಮಿನಲ್ಲಿ ಕಾಣುವ ಎಲೆಕ್ಟ್ರಿಕ್ ಚೇತಕ್ 2020ರಲ್ಲಿ ಬಂದದ್ದು, ಅದು ಬೇರೆ. ಅಪ್ಪನ ಮೊಣಕಾಲು ನೋವು ಜಾಸ್ತಿಯಾದ ಮೇಲೆ ಸ್ಕೂಟರ್ ನಿಂತಿತು. ಮಲೆನಾಡಿನ ಸಾಗರ ಊರಿನ ಕಡೆಯ ಮಳೆ ಗೊತ್ತಲ್ವಾ? ಅಂಥ ಹನ್ನೊಂದು ಮಳೆಗಾಲ ಅದು ಕೊಟ್ಟಿಗೆಯಲ್ಲೇ ಕಳೆಯಿತು.

ಅದನ್ನು ಹೊರಗೆ ತಂದ ದಿನ ನಾನು ಮಾಡಿದ್ದು ಒಂದೇ ಕೆಲಸ. ಒಂದು ಲೀಟರ್ ಪೆಟ್ರೋಲ್ ಸುರಿದು ಕಿಕ್ ಹೊಡೆದೆ. ಕಿಕ್ಕರ್ ಅರ್ಧಕ್ಕೆ ನಿಂತಿತು. ಬಿಗಿಯಾಗಿದೆ ಅಂತ ಮೈಭಾರ ಹಾಕಿ ಇನ್ನೊಂದು ಹೊಡೆದೆ. ಒಳಗೆ 'ಟಕ್' ಅಂತ ಸದ್ದಾಯಿತು. ತುಕ್ಕಿಗೆ ಅಂಟಿಕೊಂಡಿದ್ದ ಪಿಸ್ಟನ್ ರಿಂಗ್ ಮುರಿದು ಬೋರಿನ, ಅಂದರೆ ಸಿಲಿಂಡರ್ ಒಳಗೋಡೆಯ, ಮೇಲೆ ಗೀರು ಎಳೆದಿತ್ತು. ಬೋರ್ ಕೆತ್ತಿಸಿ, ದೊಡ್ಡ ಸೈಜಿನ ಪಿಸ್ಟನ್ ಹಾಕಿಸಬೇಕಾಯಿತು. ಎಂಜಿನ್ ಬಿಚ್ಚಿದ ಹಳೇ ಮೇಸ್ತ್ರಿ ರಿಂಗಿನ ಚೂರನ್ನು ನನ್ನ ಅಂಗೈ ಮೇಲೆ ಇಟ್ಟು, "ಒಂದು ಚಮಚ ಆಯಿಲ್ ಬಿಟ್ಟು ಎರಡು ದಿನ ಸುಮ್ನೆ ಬಿಟ್ಟಿದ್ರೆ ಸಾಕಿತ್ತಲ್ಲ ಮಾರಾಯ" ಅಂದರು.

ಅದಕ್ಕೇ ಈ ಲೇಖನ. ನಿಂತ ಗಾಡಿಯನ್ನು ಹಾಳು ಮಾಡುವುದು ಅದು ನಿಂತ ವರ್ಷಗಳಿಗಿಂತ ಜಾಸ್ತಿ ನಮ್ಮ ಮೊದಲ ಕಿಕ್. ಕಿಕ್ ಕೊನೆಯ ಕೆಲಸ. ಅದಕ್ಕೂ ಮೊದಲು ಎರಡು ಮೂರು ವಾರಾಂತ್ಯದ ಕೆಲಸವಿದೆ.

ಮೊದಲ ದಿನ: ನೋಡುವುದು, ಮುಟ್ಟದಿರುವುದು

ಗಾಡಿಯನ್ನು ಬೆಳಕಿಗೆ ತನ್ನಿ. ನೀರು ಹೊಡೆಯಬೇಡಿ. ಕಾರ್ಬ್ಯುರೇಟರ್, ಮ್ಯಾಗ್ನೆಟ್, ಸೈಲೆನ್ಸರ್ ಎಲ್ಲದರ ಒಳಗೂ ನೀರು ಹೋಗುತ್ತದೆ. ಒಣ ಬ್ರಶ್ ಮತ್ತು ಬಟ್ಟೆ ಸಾಕು.

ಬಲಗಡೆಯ ಮುಚ್ಚಳ ತೆಗೆದರೆ ಎಂಜಿನ್ ಕಾಣುತ್ತದೆ. ಇಲ್ಲಿ ಇಲಿ ಗೂಡು ಇರುವ ಸಾಧ್ಯತೆ ತುಂಬಾ ಜಾಸ್ತಿ. ನಮ್ಮದರಲ್ಲಿ ಅಡಿಕೆ ಸಿಪ್ಪೆ, ಹರಿದ ಬಟ್ಟೆ, ಪ್ಲಾಸ್ಟಿಕ್ ಚೂರು ಸೇರಿ ಒಂದು ಬುಟ್ಟಿಯಷ್ಟಿತ್ತು. ಕೈಗವಸು, ಮೂಗಿಗೆ ಮಾಸ್ಕ್ ಹಾಕಿಕೊಂಡೇ ತೆಗೆಯಿರಿ. ಇಲಿ ಹಿಕ್ಕೆಯ ಧೂಳು ಎದೆಗೆ ಒಳ್ಳೆಯದಲ್ಲ. ಒಣಗಿದ್ದರೆ ಸ್ವಲ್ಪ ಡೆಟ್ಟಾಲ್ ನೀರು ಚಿಮುಕಿಸಿ ಒದ್ದೆ ಮಾಡಿ ತೆಗೆಯಿರಿ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮುಚ್ಚಳದೊಳಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ ನೋಡಿ. ಬೆಚ್ಚಗಿನ ಕತ್ತಲೆ ಜಾಗ ಹಾವಿಗೂ ಇಷ್ಟ.

ಸೈಲೆನ್ಸರ್ ಬಾಯಿಯನ್ನೂ ಟಾರ್ಚ್ ಹಿಡಿದು ನೋಡಿ. ಕಣಜದ ಹುಳು ಅಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ಹೊಗೆ ಹೋಗಲು ದಾರಿ ಇಲ್ಲದಿದ್ದರೆ ಎಂಜಿನ್ ಸ್ಟಾರ್ಟ್ ಆಗುವುದೇ ಇಲ್ಲ. ಎಷ್ಟೋ ಜನ ಕಾರ್ಬ್ಯುರೇಟರ್ ಮೂರು ಸಲ ಬಿಚ್ಚಿದ ಮೇಲೆ ಇದನ್ನು ಕಂಡುಹಿಡಿಯುತ್ತಾರೆ.

ಆಮೇಲೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಯಾವ ವೈರ್ ಎಲ್ಲಿಗೆ, ಯಾವ ಕೇಬಲ್ ಯಾವ ಕಡೆಯಿಂದ. ಬಿಚ್ಚುವಾಗ ಎಲ್ಲ ನೆನಪಿರುತ್ತದೆ, ಕೂಡಿಸುವಾಗ ಒಂದೂ ನೆನಪಿರುವುದಿಲ್ಲ. ನಟ್ ಬೋಲ್ಟ್‌ಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಬೇರೆ ಬೇರೆ ಇಟ್ಟರೆ ಬಹಳ ಅನುಕೂಲ. ಹಳೇ ತಟ್ಟೆ ಇದಕ್ಕೇ ಮೀಸಲಿಡಿ, ಮತ್ತೆ ಅಡುಗೆಗೆ ಬಳಸಬೇಡಿ.

ಪಿಸ್ಟನ್‌ಗೆ ಎಣ್ಣೆ

ನನ್ನ ತಪ್ಪು ಆದದ್ದು ಇಲ್ಲೇ. ಹಾಗಾಗಿ ಇದನ್ನು ನಿಧಾನವಾಗಿ ಹೇಳುತ್ತೇನೆ.

ಸ್ಪಾರ್ಕ್ ಪ್ಲಗ್ ಸುತ್ತ ಕೂತ ಮಣ್ಣು, ಮರಳನ್ನು ಮೊದಲು ಬ್ರಶ್‌ನಿಂದ ತೆಗೆಯಿರಿ. ಇಲ್ಲದಿದ್ದರೆ ಪ್ಲಗ್ ತೆಗೆದ ಕೂಡಲೇ ಅದು ಸಿಲಿಂಡರ್ ಒಳಗೆ ಬೀಳುತ್ತದೆ. ಪ್ಲಗ್ಗಿನ ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಸಿಲಿಂಡರ್ ಮೇಲಿನ ಮುಚ್ಚಳ, ಅಂದರೆ ಹೆಡ್, ಅಲ್ಯುಮಿನಿಯಂನದು, ಪ್ಲಗ್ ಉಕ್ಕಿನದು. ಜೋರು ಮಾಡಿದರೆ ಕಿತ್ತು ಬರುವುದು ಹೆಡ್ಡಿನ ಥ್ರೆಡ್. ಪ್ಲಗ್ ಸ್ಪ್ಯಾನರ್‌ನಲ್ಲಿ ಸ್ವಲ್ಪ ಬಿಚ್ಚಿ, ಸ್ವಲ್ಪ ವಾಪಸ್ ಬಿಗಿ ಮಾಡಿ, ಮತ್ತೆ ಬಿಚ್ಚುತ್ತಾ ಬನ್ನಿ.

ಪ್ಲಗ್ ಬಂದ ಮೇಲೆ ಆ ತೂತಿನೊಳಗೆ ಎರಡು ಚಮಚ ಟೂ-ಟಿ ಆಯಿಲ್ (ಎರಡು ಸ್ಟ್ರೋಕಿನ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಬಿಡಿ. ಇಂಜೆಕ್ಷನ್ ಸಿರಿಂಜ್ ಇದ್ದರೆ ಸಿಲಿಂಡರ್ ಗೋಡೆಯ ಸುತ್ತ ಬೀಳುವ ಹಾಗೆ ಬಿಡಬಹುದು. ತೂತಿಗೆ ಬಟ್ಟೆ ಮುಚ್ಚಿ, ಒಂದು ರಾತ್ರಿ ಬಿಡಿ. ಐದು ವರ್ಷಕ್ಕಿಂತ ಜಾಸ್ತಿ ನಿಂತ ಗಾಡಿಯಾದರೆ ಎರಡು ದಿನ ಬಿಡಿ, ಮಧ್ಯೆ ಇನ್ನೊಂದು ಚಮಚ ಹಾಕಿ.

ಮರುದಿನ ಗೇರ್ ನ್ಯೂಟ್ರಲ್‌ನಲ್ಲಿ ಇದೆ ಅಂತ ಖಾತ್ರಿ ಮಾಡಿಕೊಂಡು ಕಿಕ್ಕರನ್ನು ಕೈಯಿಂದ ಒತ್ತಿ. ಕಾಲಿನಿಂದಲ್ಲ, ಕೈಯಿಂದ. ಅದು ಜೇನು ಕಲಕಿದ ಹಾಗೆ ನಿಧಾನ ಇಳಿದರೆ ನೀವು ಗೆದ್ದಿರಿ. ಎಲ್ಲೋ ನಿಂತರೆ ಅಲ್ಲಿಗೇ ಬಿಡಿ. ಮತ್ತೆ ಎಣ್ಣೆ, ಮತ್ತೊಂದು ರಾತ್ರಿ. ಕಿಕ್ಕರ್‌ನಿಂದ ಆಗದಿದ್ದರೆ ಮೂರನೇ ಗೇರಿಗೆ ಹಾಕಿ ಗಾಡಿಯನ್ನು ಒಂದು ಗೇಣು ಹಿಂದೆ, ಒಂದು ಗೇಣು ಮುಂದೆ ಮೆಲ್ಲಗೆ ತೂಗಿ. ಪಿಸ್ಟನ್ ಕೂದಲೆಳೆಯಷ್ಟು ಅಲುಗಾಡಿದರೂ ಸಾಕು, ಎಣ್ಣೆ ಆ ಸಂದಿಗೆ ಇಳಿಯುತ್ತದೆ. ಮೂರು ನಾಲ್ಕು ದಿನ ಹೀಗೆ ಮಾಡಿಯೂ ಜಗ್ಗದಿದ್ದರೆ ಮೇಸ್ತ್ರಿ ಹತ್ತಿರ ಹೆಡ್ ಬಿಚ್ಚಿಸಿ. ಸುತ್ತಿಗೆ ಮಾತ್ರ ಬೇಡ.

ಪಿಸ್ಟನ್ ಬಿಟ್ಟ ಮೇಲೆ, ಪ್ಲಗ್ ಹಾಕದೆಯೇ ಹದಿನೈದು ಇಪ್ಪತ್ತು ಸಲ ಮೆಲ್ಲಗೆ ಕಿಕ್ ಮಾಡಿ. ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೇಸಿನಲ್ಲಿ ವರ್ಷಗಳಿಂದ ಕೂತಿದ್ದ ಹಳೇ ಆಯಿಲ್ ತೂತಿನಿಂದ ಹೊರಗೆ ಚಿಮ್ಮುತ್ತದೆ. ಮುಖ ಅದರ ಎದುರಿಗೆ ಇಡಬೇಡಿ.

ಹಳೇ ಪೆಟ್ರೋಲ್, ಟ್ಯಾಂಕ್, ಕಾರ್ಬ್ಯುರೇಟರ್

ಟ್ಯಾಂಕಿನ ಮುಚ್ಚಳ ತೆಗೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬರಬೇಕು. ಹಳೇ ವಾರ್ನಿಷ್ ಡಬ್ಬಿಯ ವಾಸನೆ ಬಂದರೆ ಅದರಲ್ಲಿ ಉರಿಯುವ ಅಂಶ ಹಾರಿಹೋಗಿ ಅಂಟು ಮಾತ್ರ ಉಳಿದಿದೆ ಅಂತ ಅರ್ಥ. ಅದರ ಮೇಲೆ ಹೊಸ ಪೆಟ್ರೋಲ್ ಸುರಿದರೆ ಅಂಟು ಕರಗಿ ನೇರ ಕಾರ್ಬ್ಯುರೇಟರ್‌ಗೆ ಇಳಿಯುತ್ತದೆ. ಪೂರ್ತಿ ಖಾಲಿ ಮಾಡಿ. ಈ ಕೆಲಸ ಬಯಲಲ್ಲಿ ಮಾಡಿ. ಹತ್ತಿರ ಒಲೆ, ಬೀಡಿ, ದೀಪ ಯಾವುದೂ ಇರಬಾರದು. ತೆಗೆದದ್ದನ್ನು ಚರಂಡಿಗೋ ತೋಟಕ್ಕೋ ಚೆಲ್ಲಬೇಡಿ. ಬಾವಿ ಹತ್ತಿರವಿದ್ದರಂತೂ ಖಂಡಿತ ಬೇಡ. ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಈಗ ಟಾರ್ಚ್ ಹಾಕಿ ಟ್ಯಾಂಕಿನ ತಳ ನೋಡಿ. ಬೆಳ್ಳಿ ಬಣ್ಣದ ತಗಡು ಕಂಡರೆ ಅದೃಷ್ಟ. ಕೆಂಪು ಹುಡಿ ಕಂಡರೆ ಟ್ಯಾಂಕ್ ಹೊರಗೆ ತೆಗೆಯಲೇಬೇಕು. ಸೀಟು ಬಿಚ್ಚಿ, ಪೆಟ್ರೋಲ್ ಕಾಕಿನ (ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿ) ಕಡ್ಡಿ ಮತ್ತು ಪೈಪು ಬಿಡಿಸಿ, ಬೋಲ್ಟ್ ತೆಗೆದರೆ ಟ್ಯಾಂಕ್ ಮೇಲಕ್ಕೆ ಬರುತ್ತದೆ.

ತುಕ್ಕು ತೆಗೆಯಲು ಆಸಿಡ್ ಅಂಗಡಿಗೆ ಓಡುವ ಅಗತ್ಯವಿಲ್ಲ. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಒಳ್ಳೆಯ ಕೆಲಸ ಮಾಡುತ್ತದೆ. ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಎರಡು ಮೂರು ಸಲ ಕುಲುಕಿ ಎಣ್ಣೆ ಜಿಡ್ಡು ತೆಗೆಯಿರಿ. ಜಿಡ್ಡಿನ ಮೇಲೆ ನಿಂಬೆ ಉಪ್ಪು ಹಿಡಿಯುವುದಿಲ್ಲ. ಆಮೇಲೆ ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪು ಕರಗಿಸಿ ಟ್ಯಾಂಕ್ ತುಂಬಿ. ಜೊತೆಗೆ ಒಂದು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ ಆಗಾಗ ಕುಲುಕಿ. ಹಾಕುವಾಗ ಎಣಿಸಿ ಹಾಕಿ, ತೆಗೆಯುವಾಗ ಎಣಿಸಿ ತೆಗೆಯಿರಿ. ಕಾಕಿನ ತೂತನ್ನು ರಬ್ಬರ್ ಬಿರಡೆಯಿಂದ ಮುಚ್ಚಿರಬೇಕು. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಗ್ಯಾಸ್ ಹುಟ್ಟುತ್ತದೆ. ಅದು ಹೊತ್ತಿಕೊಳ್ಳುವ ಗ್ಯಾಸ್, ಹಾಗಾಗಿ ಟ್ಯಾಂಕ್ ಬಯಲಲ್ಲೇ ಇರಲಿ.

ಒಂದು ರಾತ್ರಿ ಬಿಟ್ಟು ಬಗ್ಗಿಸಿದರೆ ಟೀ ಡಿಕಾಕ್ಷನ್ ಬಣ್ಣದ ನೀರು ಬರುತ್ತದೆ. ನಮ್ಮ ಟ್ಯಾಂಕಿನಿಂದ ಬಂದದ್ದು ಕಾಫಿ ಡಿಕಾಕ್ಷನ್ನಿಗಿಂತ ಕಪ್ಪಾಗಿತ್ತು. ಎರಡನೇ ಸಲ ಮಾಡಿದ ಮೇಲೆ ತಗಡು ಬೂದು ಬಣ್ಣಕ್ಕೆ ಬಂತು. ಕೊನೆಗೆ ಅಡುಗೆ ಸೋಡ ಹಾಕಿದ ನೀರಲ್ಲಿ ಒಮ್ಮೆ, ಬರೀ ನೀರಲ್ಲಿ ಎರಡು ಸಲ ತೊಳೆದು ತಕ್ಷಣ ಬಿಸಿಲಿಗೆ ಇಡಿ. ಈ 'ತಕ್ಷಣ' ಮುಖ್ಯ. ಬರಿ ತಗಡು ಒದ್ದೆ ಇದ್ದರೆ ಒಂದು ಗಂಟೆಯಲ್ಲೇ ಮತ್ತೆ ಕೆಂಪಾಗುತ್ತದೆ. ಪೂರ್ತಿ ಒಣಗಿದ ಕೂಡಲೇ ಅರ್ಧ ಲೋಟ ಟೂ-ಟಿ ಆಯಿಲ್ ಹಾಕಿ ಒಳಗೆಲ್ಲ ಹರಡುವ ಹಾಗೆ ಉರುಳಿಸಿ, ಉಳಿದದ್ದು ಬಗ್ಗಿಸಿ.

ಪೆಟ್ರೋಲ್ ಪೈಪ್ ಹೊಸದೇ ಹಾಕಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಅದು ಹಳೇ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಕಾಕಿನ ವಾಷರ್ ಸಹ ಹೊಸದಿರಲಿ. ಪೈಪು ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗೆ ಇಳಿಜಾರಾಗಿಯೇ ಇರಬೇಕು. ಉದ್ದ ಜಾಸ್ತಿಯಾಗಿ ಮಧ್ಯೆ ಜೋತುಬಿದ್ದರೆ ಅಲ್ಲಿ ಗಾಳಿ ನಿಂತು ಪೆಟ್ರೋಲ್ ಕಟ್ಟುತ್ತದೆ.

ಇನ್ನು ಕಾರ್ಬ್ಯುರೇಟರ್. ಚೇತಕ್‌ನಲ್ಲಿ ಅದು ಎಂಜಿನ್ ಮೇಲೆ ಒಂದು ತಗಡಿನ ಪೆಟ್ಟಿಗೆಯೊಳಗೆ ಕೂತಿದೆ. ಏರ್ ಫಿಲ್ಟರ್ ತೆಗೆದರೆ ಕಾಣುತ್ತದೆ. ಫ್ಲೋಟ್ ಇರುವ ಗುಂಡಿಯ ಮುಚ್ಚಳ ಬಿಚ್ಚಿದಾಗ ನನಗೆ ಕಂಡದ್ದು ಕಲ್ಲಾದ ಬೆಲ್ಲದ ಪಾಕ. ಪೆಟ್ರೋಲ್ ಆರಿಹೋಗಿ ಆಯಿಲ್ ಮಾತ್ರ ಉಳಿದು ಗಟ್ಟಿಯಾಗಿತ್ತು. ಫ್ಲೋಟಿನ ಸೂಜಿ ಅದರಲ್ಲಿ ಅಂಟಿಕೊಂಡು ಮೇಲೂ ಹೋಗದೆ ಕೆಳಗೂ ಬರದೆ ಕೂತಿತ್ತು.

ಪೂರ್ತಿ ಕಾರ್ಬ್ಯುರೇಟರ್ ಇಳಿಸಿ, ಜೆಟ್‌ಗಳನ್ನು (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತಿರುಪುಗಳು) ಬಿಚ್ಚಿ, ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಅದು ಕಣ್ಣಿಗೆ ಬಿದ್ದರೆ ತುಂಬಾ ಉರಿ, ಕನ್ನಡಕ ಹಾಕಿಕೊಳ್ಳಿ. ಪೆಟ್ರೋಲ್ ಪೈಪ್ ಬಂದು ಸೇರುವ ಕಡೆಯ ಬೋಲ್ಟ್ ಬಿಚ್ಚಿದರೆ ಒಳಗೆ ಒಂದು ಚಿಕ್ಕ ಜಾಲರಿ ಇದೆ. ಬಹಳ ಜನ ಅದನ್ನು ಮರೆಯುತ್ತಾರೆ. ಜೆಟ್ಟಿನ ತೂತಿಗೆ ಬೈಂಡಿಂಗ್ ವೈರ್ ಚುಚ್ಚಬೇಡಿ. ಆ ತೂತಿನ ಅಳತೆ ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿರುತ್ತದೆ, ಹಿತ್ತಾಳೆ ಮೆತ್ತಗಿನದು, ಒಂದು ಗೀರಿಗೇ ಅಳತೆ ಕೆಡುತ್ತದೆ. ಗಾಳದ ನೈಲಾನ್ ದಾರ ಸಾಕು. ಆಮೇಲೆ ಪಂಕ್ಚರ್ ಅಂಗಡಿಗೆ ಒಯ್ದು ಪ್ರತಿ ತೂತಿಗೂ ಗಾಳಿ ಹೊಡೆಸಿ. ಜೆಟ್ಟನ್ನು ಬೆಳಕಿಗೆ ಹಿಡಿದಾಗ ಪೂರ್ತಿ ದುಂಡಗಿನ ಬೆಳಕಿನ ಚುಕ್ಕಿ ಕಾಣಬೇಕು. ಗ್ಯಾಸ್ಕೆಟ್ ಹಳೇದನ್ನೇ ಹಾಕಬೇಡಿ, ಕಿಟ್ ಸಿಗುತ್ತದೆ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ. ಬೇರೆ ಊರುಗಳಲ್ಲೂ ಹಳೇ ಸ್ಪೇರ್ ಅಂಗಡಿಗಳಲ್ಲಿ ಚೇತಕ್ ಸಾಮಾನು ಇನ್ನೂ ಸಿಗುತ್ತದೆ, ಕೇಳಬೇಕಷ್ಟೆ.

ಒಂದು ಮಾತು. ಚೇತಕ್ ಸ್ಟಾರ್ಟ್ ಆಗದಿದ್ದರೆ ಪಕ್ಕಕ್ಕೆ ವಾಲಿಸಿ ಕಿಕ್ ಹೊಡೆಯುವುದನ್ನು ನಾವೆಲ್ಲ ನೋಡಿಯೇ ಬೆಳೆದವರು. ವಾಲಿಸಿದಾಗ ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ಜಾಸ್ತಿ ಇಳಿಯುತ್ತದೆ, ಅದಕ್ಕೇ ಆಗ ಕೆಲಸ ಮಾಡುತ್ತಿತ್ತು. ವರ್ಷಗಟ್ಟಲೆ ನಿಂತ ಗಾಡಿಗೆ ಅದು ಮದ್ದಲ್ಲ. ಕಟ್ಟಿಕೊಂಡ ಜೆಟ್ ವಾಲಿಸಿದರೆ ಬಿಡುವುದಿಲ್ಲ, ತಳದ ಕಸ ಮಾತ್ರ ಕೆಳಗೆ ಬರುತ್ತದೆ.

ಕಿಡಿ ಬರುತ್ತಿದೆಯಾ

ಒಳ್ಳೆಯ ಸುದ್ದಿ ಏನೆಂದರೆ, ಈ ಗಾಡಿ ಸ್ಟಾರ್ಟ್ ಆಗಲು ಬ್ಯಾಟರಿ ಬೇಕಿಲ್ಲ. ಕಿಡಿಗೆ ಬೇಕಾದ ಕರೆಂಟನ್ನು ಮ್ಯಾಗ್ನೆಟ್ ತಾನೇ ಹುಟ್ಟಿಸುತ್ತದೆ.

ಹೊಸ ಪ್ಲಗ್ ತನ್ನಿ, ಗ್ಯಾಪ್ 0.6 ಮಿಲಿಮೀಟರ್ ಇರಲಿ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್‌ಗೆ ತಾಗುವಂತೆ ಇಟ್ಟು ಕಿಕ್ ಮಾಡಿ. ಪ್ಲಗ್ಗಿನ ತೂತಿಗೆ ಬಟ್ಟೆ ತುರುಕಿರಿ, ಪೆಟ್ರೋಲ್ ಡಬ್ಬಿ ದೂರ ಇಡಿ. ನೀಲಿ ಕಿಡಿ 'ಚಟ್ ಚಟ್' ಅಂತ ಬಂದರೆ ಮುಂದಿನ ಕೆಲಸಕ್ಕೆ ಹೋಗಿ.

ಬರದಿದ್ದರೆ ಮೊದಲು ಕೀ ಸ್ವಿಚ್ಚನ್ನು ಅನುಮಾನಿಸಿ. ಇದರಲ್ಲಿ ಕೀ ಆಫ್ ಮಾಡುವುದು ಅಂದರೆ ಕಿಡಿಯ ಕರೆಂಟನ್ನು ಬಾಡಿಗೆ ಹರಿಸಿಬಿಡುವುದು. ಸ್ವಿಚ್ ಒಳಗೆ ತುಕ್ಕು ಹಿಡಿದು ಅಂಟಿದ್ದರೆ ಅಥವಾ ಇಲಿ ಕಡಿದ ವೈರ್ ಬಾಡಿಗೆ ತಾಗುತ್ತಿದ್ದರೆ ಕೀ ಆನ್ ಇದ್ದರೂ ಕಿಡಿ ಇರುವುದಿಲ್ಲ. ಕೀಗೆ ಹೋಗುವ ವೈರನ್ನು ಎಂಜಿನ್ ಹತ್ತಿರ ತಾತ್ಕಾಲಿಕವಾಗಿ ಬಿಡಿಸಿ ನೋಡಿ. ಕಿಡಿ ಬಂದರೆ ತಪ್ಪು ಆ ದಾರಿಯಲ್ಲಿದೆ.

ಹಳೇ ಮಾಡಲ್‌ಗಳಲ್ಲಿ ಪಾಯಿಂಟ್ ಇರುತ್ತದೆ, ಆಮೇಲಿನವು ಎಲೆಕ್ಟ್ರಾನಿಕ್. ಪಾಯಿಂಟ್ ಇರುವ ಗಾಡಿಯಲ್ಲಿ ಫ್ಯಾನ್ ಮುಚ್ಚಳ ತೆಗೆದು, ಮ್ಯಾಗ್ನೆಟ್ಟಿನ ಕಿಟಕಿಯಿಂದ ನೋಡಿದರೆ ಎರಡು ಪುಟ್ಟ ಗುಂಡಿಗಳು ಒಂದಕ್ಕೊಂದು ತಾಗಿ ಬಿಡುವುದು ಕಾಣುತ್ತದೆ. ಅವುಗಳ ಮೇಲೆ ಬಿಳಿ ಪೊರೆ ಕಟ್ಟಿರುತ್ತದೆ. ನಯವಾದ ಪಾಲಿಶ್ ಪೇಪರಿನ ತುಂಡು ಮಧ್ಯೆ ತೂರಿಸಿ ಎರಡು ಸಲ ಎಳೆಯಿರಿ. ಆಮೇಲೆ ಒಂದು ವಿಸಿಟಿಂಗ್ ಕಾರ್ಡಿನ ಅಂಚನ್ನು ಥಿನ್ನರಲ್ಲಿ ಅದ್ದಿ ಎಳೆಯಿರಿ. ಕಾರ್ಡಿನ ಮೇಲೆ ಕಪ್ಪು ಗೆರೆ ಬೀಳುವುದು ನಿಲ್ಲುವವರೆಗೂ ಮಾಡಿ. ಪಾಯಿಂಟ್ ಪೂರ್ತಿ ತೆರೆದಾಗ ಸಂದು 0.4 ಮಿಲಿಮೀಟರ್ ಆಸುಪಾಸಿನಲ್ಲಿರಬೇಕು.

ಬ್ರೇಕ್, ಟೈರ್: ಎಂಜಿನ್‌ಗಿಂತ ಮೊದಲು ಇವು

ಸ್ಟಾರ್ಟ್ ಆದ ಗಾಡಿಯನ್ನು ಓಡಿಸದೆ ಇರಲು ಯಾರಿಗೂ ಆಗುವುದಿಲ್ಲ. ಅದಕ್ಕೇ ನಿಲ್ಲಿಸುವ ವ್ಯವಸ್ಥೆ ಮೊದಲು ಸರಿಯಾಗಬೇಕು.

ಎರಡೂ ಚಕ್ರ ಬಿಚ್ಚಿ. ಇಲ್ಲಿ ಒಂದು ಅಪಾಯವಿದೆ, ದಯವಿಟ್ಟು ಗಮನ ಕೊಡಿ. ಚೇತಕ್‌ನ ರಿಮ್ ಎರಡು ಹೋಳುಗಳನ್ನು ನಟ್ ಹಾಕಿ ಕೂಡಿಸಿದ್ದು. ಚಕ್ರವನ್ನು ಡ್ರಮ್ಮಿಗೆ ಹಿಡಿದ ನಟ್ ಬೇರೆ, ಹೋಳುಗಳನ್ನು ಹಿಡಿದ ನಟ್ ಬೇರೆ. ಟ್ಯೂಬಿನಲ್ಲಿ ಗಾಳಿ ಇರುವಾಗ ಹೋಳುಗಳ ನಟ್ ಬಿಚ್ಚಿದರೆ ರಿಮ್ ಸಿಡಿದು ಮುಖಕ್ಕೆ ಬರುತ್ತದೆ. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟ ಮೇಲೆಯೇ ಆ ನಟ್ಟುಗಳಿಗೆ ಕೈ ಹಾಕಿ.

ಟೈರ್ ಪಕ್ಕದಲ್ಲಿ ಬೆರಳಿನಿಂದ ಮಡಚಿ ನೋಡಿ. ಬಿರುಕು ಕಂಡರೆ, ಮೇಲಿನ ಗೆರೆ ಎಷ್ಟೇ ಚೆನ್ನಾಗಿದ್ದರೂ ಅದು ಮುಗಿಯಿತು. ಟೈರಿನ ಮೇಲೆ ನಾಲ್ಕು ಅಂಕಿಯ ಗುರುತಿರುತ್ತದೆ. 2312 ಅಂತ ಇದ್ದರೆ 2012ನೇ ಇಸವಿಯ 23ನೇ ವಾರ ತಯಾರಾದದ್ದು. ವರ್ಷಗಟ್ಟಲೆ ಒಂದೇ ಕಡೆ ಭಾರ ಹೊತ್ತು ನಿಂತ ಟೈರನ್ನು ಉಳಿಸಲು ಹೋಗಬೇಡಿ. 3.50-10 ಅಳತೆಯದು ಈಗಲೂ ಹೊಸದಾಗಿ ಸಿಗುತ್ತದೆ. ಟ್ಯೂಬ್ ಸಹ ಬದಲಿಸಿ. ಎಡಗಡೆ ಮುಚ್ಚಳದೊಳಗಿನ ಸ್ಟೆಪ್ನಿಯನ್ನು ಮರೆಯಬೇಡಿ. (ಈ ಹೆಸರು ಬಂದದ್ದು ವೇಲ್ಸ್ ದೇಶದ ಲ್ಯಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರ ಹೊತ್ತಿಗೆ ಅಲ್ಲಿ ಬಿಡಿ ಚಕ್ರ ತಯಾರಿಸಲು ಶುರು ಮಾಡಿದರು. ಅವರ ಊರಿನ ಬೀದಿ ನಮ್ಮೂರ ಪಂಕ್ಚರ್ ಅಂಗಡಿಯವರ ಬಾಯಲ್ಲಿ ಇಂದಿಗೂ ಇದೆ ಅನ್ನುವುದು ನನಗೆ ತುಂಬಾ ಖುಷಿ ಕೊಡುವ ಸಂಗತಿ.)

ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಬಾಯಿಂದ ಊದಬೇಡಿ, ಗಾಳಿ ಹೊಡೆಸಲೂ ಬೇಡಿ. ಆ ಕಾಲದ ಬ್ರೇಕ್ ಲೈನಿಂಗ್‌ನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಅದರ ಪುಡಿ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಿರಿ. ಲೈನಿಂಗ್ ಶೂವಿನಿಂದ ಎದ್ದು ಬಂದಿದ್ದರೆ ಅಥವಾ ಗ್ರೀಸ್ ಕುಡಿದಿದ್ದರೆ ಹೊಸ ಶೂ ಹಾಕಿ. ಡ್ರಮ್ಮಿನ ತುಕ್ಕನ್ನು ಪಾಲಿಶ್ ಪೇಪರಿಗೆ ನೀರು ಹಾಕಿಕೊಂಡು ಉಜ್ಜಿ. ಶೂ ಅಗಲಿಸುವ ಕ್ಯಾಮ್ ಬಿಗಿಯಾಗಿದ್ದರೆ ಬಿಡಿಸಿ, ತೆಳ್ಳಗೆ ಗ್ರೀಸ್ ಹಚ್ಚಿ.

ಕೇಬಲ್‌ಗಳ ವಿಷಯದಲ್ಲಿ ಜಿಪುಣತನ ಬೇಡ. ಕ್ಲಚ್, ಗೇರಿನ ಎರಡು, ಮುಂದಿನ ಬ್ರೇಕ್, ಹಿಂದಿನ ಬ್ರೇಕ್, ಆಕ್ಸಿಲರೇಟರ್ ಎಲ್ಲ ಸೇರಿದರೂ ದುಬಾರಿ ಅಲ್ಲ. ಹಳೇ ಒಳದಾರವನ್ನು ಎಳೆದು ತೆಗೆಯುವಾಗ ಹೊಸದನ್ನು ಅದರ ತುದಿಗೆ ಕಟ್ಟಿ ಎಳೆದುಕೊಳ್ಳಬಹುದು. ಹಾಕುವ ಮೊದಲು ಗ್ರೀಸ್ ಸವರಿ.

ಗೇರ್ ಆಯಿಲ್, ಕ್ಲಚ್, ಸೀಲ್

ಎಂಜಿನ್ ಅಡಿಯ ಬೋಲ್ಟ್ ಬಿಚ್ಚಿ ಹಳೇ ಗೇರ್ ಆಯಿಲ್ ಇಳಿಸಿ. ಹಾಲು ಬೆರೆಸಿದ ಹಾಗೆ ಬೆಳ್ಳಗೆ ಬಂದರೆ ನೀರು ಸೇರಿದೆ. ಹೊಸದು ಎಸ್‌ಎಇ 30, ಸುಮಾರು 250 ಮಿಲಿಲೀಟರ್. ಹಾಕುವ ತೂತಿನಿಂದ ಹೊರಗೆ ತೊಟ್ಟಿಕ್ಕಲು ಶುರುವಾದರೆ ಮಟ್ಟ ಸರಿಯಾಗಿದೆ.

ವರ್ಷಗಟ್ಟಲೆ ನಿಂತಾಗ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕ್ಲಚ್ ಹಿಡಿದರೂ ಗಾಡಿ ಗೇರಿನಲ್ಲಿ ಬಿಗಿಯಾಗೇ ಇರುತ್ತದೆ. ಈ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಿ ಫಸ್ಟ್ ಗೇರ್ ಹಾಕಿದರೆ ಅದು ಎದುರಿನ ಗೋಡೆಗೆ ನೆಗೆಯುತ್ತದೆ. ಎಂಜಿನ್ ಆಫ್ ಇರುವಾಗಲೇ ಪ್ಲಗ್ ಹಾಕಿ, ಮೂರನೇ ಗೇರಿಗೆ ಹಾಕಿ, ಕ್ಲಚ್ ಪೂರ್ತಿ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತಳ್ಳಿ. ಸ್ವಲ್ಪ ಹೊತ್ತಿಗೆ ಪ್ಲೇಟ್ ಬಿಟ್ಟು ಗಾಡಿ ಹಗುರಾಗುತ್ತದೆ. ಬಿಡದಿದ್ದರೆ ಕ್ಲಚ್ ಬಿಚ್ಚಿ ಪ್ಲೇಟ್ ಬದಲಿಸುವುದೇ ದಾರಿ.

ಕ್ರ್ಯಾಂಕಿನ ಎರಡೂ ಕಡೆ ರಬ್ಬರ್ ಸೀಲ್ ಇದೆ. ಒಣಗಿ ಗಟ್ಟಿಯಾಗಿರುತ್ತದೆ. ಸ್ಟಾರ್ಟ್ ಮಾಡುವವರೆಗೆ ಇದರ ಕಥೆ ಗೊತ್ತಾಗುವುದಿಲ್ಲ. ಹಾಗಾಗಿ ಮುಂದೆ ಹೇಳುತ್ತೇನೆ.

ಈಗ ಕಿಕ್

ಬಯಲಿಗೆ ತನ್ನಿ. ಮುಚ್ಚಿದ ಕೋಣೆಯಲ್ಲಿ ಸ್ಟಾರ್ಟ್ ಮಾಡಬೇಡಿ, ಹೊಗೆಯಲ್ಲಿ ಜೀವ ತೆಗೆಯುವ ವಿಷಗಾಳಿ ಇದೆ. ಹಿಂದಿನ ಚಕ್ರ ನೆಲಕ್ಕೆ ತಾಗದ ಹಾಗೆ ಅಡಿಗೆ ಮರದ ತುಂಡು ಕೊಡಿ. ಎರಡು ಲೀಟರ್ ಹೊಸ ಪೆಟ್ರೋಲ್ ಸಾಕು. ಮಾಮೂಲಿಗೆ ಲೀಟರಿಗೆ 20 ಮಿಲಿಲೀಟರ್ ಟೂ-ಟಿ ಆಯಿಲ್. ಈ ಮೊದಲ ಎರಡು ಲೀಟರಿಗೆ ಮಾತ್ರ 25ರಿಂದ 30 ಹಾಕಿ. ಬೇರೆ ಕ್ಯಾನಿನಲ್ಲಿ ಚೆನ್ನಾಗಿ ಕುಲುಕಿ ಬೆರೆಸಿ, ಆಮೇಲೆ ಟ್ಯಾಂಕಿಗೆ ಸುರಿಯಿರಿ.

ಕಾಕ್ ತೆರೆದು ಎರಡು ನಿಮಿಷ ಕಾಯಿರಿ. ಎಲ್ಲಾದರೂ ಸೋರುತ್ತಿದೆಯಾ ನೋಡಿ. ಚೋಕ್ ಎಳೆಯಿರಿ, ನ್ಯೂಟ್ರಲ್ ಖಾತ್ರಿ ಮಾಡಿ, ಕೀ ಆನ್, ಕಿಕ್. ಹತ್ತು ಕಿಕ್ಕಿಗೂ ಸ್ಟಾರ್ಟ್ ಆಗದಿದ್ದರೆ ಪ್ಲಗ್ ತೆಗೆದು ನೋಡಿ. ಒದ್ದೆ ಇದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ನೋಡಿ. ಒಣಗಿದ್ದರೆ ಪೆಟ್ರೋಲೇ ತಲುಪುತ್ತಿಲ್ಲ, ಕಾರ್ಬ್ಯುರೇಟರ್ ನೋಡಿ. ಈ ಒಂದು ಪರೀಕ್ಷೆ ಅರ್ಧ ದಿನದ ಒದ್ದಾಟ ಉಳಿಸುತ್ತದೆ.

ಸ್ಟಾರ್ಟ್ ಆದ ಕೂಡಲೇ ಅಂಗಳ ತುಂಬಾ ಬಿಳಿ ಹೊಗೆ ಬರುತ್ತದೆ. ಹೆದರಬೇಡಿ, ಸೈಲೆನ್ಸರಿನಲ್ಲಿ ಕೂತ ಹಳೇ ಎಣ್ಣೆ ಸುಡುತ್ತಿದೆ. ಐದು ಹತ್ತು ನಿಮಿಷದಲ್ಲಿ ಕಡಿಮೆಯಾಗಬೇಕು. ಒಂದೆರಡು ದಿನ ಓಡಿಸಿದ ಮೇಲೂ ಹೊಗೆ ಹಾಗೇ ಇದ್ದು, ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಕ್ಲಚ್ ಕಡೆಯ ಸೀಲ್ ಹೋಗಿದೆ.

ಇನ್ನೊಂದು ಕಡೆಯದು ಹೆಚ್ಚು ಅಪಾಯ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿ ಕೂಗುತ್ತಾ ಹೋದರೆ, ಮೊದಲು ಕೇಬಲ್ ಸಿಕ್ಕಿಹಾಕಿಕೊಂಡಿದೆಯಾ ನೋಡಿ. ಕೇಬಲ್ ಸರಿ ಇದ್ದರೆ ಎಲ್ಲೋ ಗಾಳಿ ಎಳೆದುಕೊಳ್ಳುತ್ತಿದೆ. ಬಹಳ ಸಲ ಅದು ಮ್ಯಾಗ್ನೆಟ್ ಕಡೆಯ ಸೀಲ್ ಅಥವಾ ಕಾರ್ಬ್ಯುರೇಟರ್ ಅಡಿಯ ಗ್ಯಾಸ್ಕೆಟ್. ಹೆಚ್ಚು ಗಾಳಿ, ಕಡಿಮೆ ಪೆಟ್ರೋಲ್, ಅದರ ಜೊತೆ ಕಡಿಮೆ ಆಯಿಲ್. ಹೀಗೇ ಓಡಿಸಿದರೆ ಪಿಸ್ಟನ್ ಬಿಸಿಯಾಗಿ ಜಾಮ್ ಆಗುತ್ತದೆ. ಕೀ ಆಫ್ ಮಾಡಿ, ನಿಲ್ಲದಿದ್ದರೆ ಚೋಕ್ ಪೂರ್ತಿ ಎಳೆಯಿರಿ. ಸೀಲ್ ಬದಲಿಸುವವರೆಗೆ ರಸ್ತೆಗೆ ತೆಗೆಯಬೇಡಿ.

ಆಕ್ಟಿವಾ ಥರದ ಗೇರಿಲ್ಲದ ಗಾಡಿ ಇರುವವರಿಗೂ ಮೇಲಿನ ಕ್ರಮವೇ. ಅವು ನಾಲ್ಕು ಸ್ಟ್ರೋಕಿನವು, ಪೆಟ್ರೋಲಿಗೆ ಆಯಿಲ್ ಬೆರೆಸಬೇಡಿ. ಎಂಜಿನ್ ಆಯಿಲ್ ಪೂರ್ತಿ ಬದಲಿಸಿ, ಡ್ರೈವ್ ಬೆಲ್ಟಿನಲ್ಲಿ ಬಿರುಕು ಇದೆಯಾ ನೋಡಿ, ಬ್ಯಾಟರಿ ಹೊಸದು ಹಾಕಿ. 2020ರ ನಂತರದ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಹಳೇ ಪೆಟ್ರೋಲ್ ಪಂಪನ್ನೇ ಕೆಡಿಸಬಹುದು, ಖಾಲಿ ಮಾಡದೆ ಕೀ ಆನ್ ಸಹ ಮಾಡಬೇಡಿ.

ಕಾಗದಪತ್ರ

ನೋಂದಣಿಗೆ 15 ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಹದಿನೈದು ವರ್ಷ ದಾಟಿದ ಗಾಡಿ ಗುಜರಿಗೇ ಹೋಗಬೇಕು ಅಂತ ಬಹಳ ಜನ ನಂಬಿದ್ದಾರೆ. ಅದು ದೆಹಲಿ ಕಡೆಗೆ ಬಂದ ಆದೇಶದ ಮಾತು. ನಮ್ಮಲ್ಲಿ ಆರ್‌ಟಿಒ ಪರೀಕ್ಷೆಯಲ್ಲಿ ಗಾಡಿ ಸರಿ ಇದೆ ಅನ್ನಿಸಿಕೊಂಡರೆ ನವೀಕರಣ ಆಗುತ್ತದೆ. ಅದಕ್ಕೆ ಫಾರಂ 25, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಹಸಿರು ತೆರಿಗೆ ಬೇಕು. ತಡವಾದದ್ದಕ್ಕೆ ದಂಡವೂ ಇರುತ್ತದೆ. ಹಳೇ ಗಾಡಿಗಳಿಗೂ ಹೊಸ ಭದ್ರತಾ ನಂಬರ್ ಪ್ಲೇಟ್ ಕಡ್ಡಾಯ. ಗಾಡಿ ತೀರಿಕೊಂಡವರ ಹೆಸರಲ್ಲಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31. ದುಡ್ಡು ಖರ್ಚು ಮಾಡುವ ಮೊದಲೇ ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಚಾಸಿಸ್ ನಂಬರ್ ಗಾಡಿಯ ಮೇಲಿನದಕ್ಕೆ ತಾಳೆಯಾಗುತ್ತದೆಯಾ ನೋಡಿ. ತುಕ್ಕು ಮುಚ್ಚಿದ್ದರೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದರೆ ನಂಬರ್ ಮೂಡುತ್ತದೆ. ಉಜ್ಜುಕಾಗದದಲ್ಲಿ ಮಾತ್ರ ತಿಕ್ಕಬೇಡಿ, ನಂಬರೇ ಸವೆದುಹೋದರೆ ಆಮೇಲೆ ಯಾರಿಂದಲೂ ಏನೂ ಮಾಡಲಾಗುವುದಿಲ್ಲ.

ಮೊದಲ ಇನ್ನೂರು ಕಿಲೋಮೀಟರ್

40 ದಾಟಬೇಡಿ. ಘಾಟಿ ಹತ್ತಿಸಬೇಡಿ, ಹಿಂದೆ ಯಾರನ್ನೂ ಕೂರಿಸಬೇಡಿ. ಪ್ರತಿ ಸಲ ವಾಪಸ್ ಬಂದಾಗ ಚಕ್ರದ ನಟ್ಟುಗಳಿಗೆ ಸ್ಪ್ಯಾನರ್ ಹಾಕಿ ನೋಡಿ. ಪೆಟ್ರೋಲ್ ಪೈಪ್, ಗೇರ್ ಆಯಿಲ್ ಸೋರಿಕೆ ನೋಡಿ. ಕಾರ್ಬ್ಯುರೇಟರ್ ಜಾಲರಿಯನ್ನು ಒಮ್ಮೆ ಬಿಚ್ಚಿ ತೊಳೆಯಿರಿ, ಟ್ಯಾಂಕಿನಿಂದ ಇಳಿದ ಕೆಂಪು ಹುಡಿ ಅಲ್ಲಿ ಕೂತಿರುತ್ತದೆ. 200 ಕಿಲೋಮೀಟರ್ ಆದ ಮೇಲೆ ಗೇರ್ ಆಯಿಲ್ ಇನ್ನೊಮ್ಮೆ ಬದಲಿಸಿ.

ಹದಿನೈದು ದಿನಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಎಂಜಿನ್ ಓಡುತ್ತಿರುವಾಗಲೇ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರ್‌ನಲ್ಲಿ ಇರುವುದು ಖಾಲಿಯಾಗಲು ಬಿಡಿ. ಊರಿಂದ ಹೊರಡುವ ಹಿಂದಿನ ಸಂಜೆ ನಾನು ಅಂಗಳದಲ್ಲಿ ಸ್ಟ್ಯಾಂಡ್ ಹಾಕಿ ಕಾಕ್ ಮುಚ್ಚುತ್ತೇನೆ. ಅಪ್ಪ ಜಗಲಿಯಲ್ಲಿ ಕೂತು ಸದ್ದು ಕೇಳುತ್ತಿರುತ್ತಾರೆ. ಹೆಲ್ಮೆಟ್ ಒಳಗಿಟ್ಟು, ಕೈಕಾಲು ತೊಳೆದು ಬರುವಷ್ಟರಲ್ಲಿ ಎಂಜಿನ್ ಒಮ್ಮೆ ಏರುದನಿಯಾಗಿ, ತಾನಾಗಿ ನಿಲ್ಲುತ್ತದೆ. "ಖಾಲಿ ಆಯ್ತು, ಕೀ ತೆಗೆದುಬಿಡು" ಅನ್ನುತ್ತಾರೆ.